ಚಿತ್ತುಕಾಟಿಲ್ಲದ ರಿಜಿಸ್ಟರು

ಶಂಕರಪುರದಲ್ಲಿ ಮಲ್ಲಿಗೆ ತೋಟಗಳ ನಡುವೆ ಮನೆ ಕಟ್ಟಿಕೊಂಡವನ ಮೂಗಿಗೆ ಮಲ್ಲಿಗೆಯ ಪರಿಮಳ ಬರಬೇಕು. ನನಗೆ ಬರುವುದು ಗಂಧಕದ ನಾತ. ಎಲೆಗಳಿಗೆ ಬೂದಿ ರೋಗ ಹಿಡಿದಾಗ ಪಕ್ಕದ ಮನೆಯ ಸಿಸಿಲಿಯಾ ಬಾಯಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಗಂಧಕದ ಪುಡಿ ಹಾರಿಸುತ್ತಾರೆ. ಕಳೆದ ವಾರವೂ ಹಾರಿಸಿದರು. "ಕಿಟಕಿ ಹಾಕಿಕೊಳ್ಳಿ ಮಾಷ್ಟ್ರೆ, ಕೆಮ್ಮು ಬಂದೀತು" ಎಂದು ಬೇಲಿಯಾಚೆಯಿಂದ ಕೂಗಿದರು. ನಾನು ಹಾಕಲಿಲ್ಲ. ಮಾಷ್ಟ್ರೆ ಎಂಬ ಕರೆ ಮತ್ತು ಗಂಧಕ ಎರಡೂ ಒಟ್ಟಿಗೆ ಬಂದರೆ ನಾನು ಕುರ್ಚಿಯಿಂದ ಏಳುವುದು ಕಷ್ಟ.

ಅವೆರಡೂ ಒಟ್ಟಿಗೆ ಬರುತ್ತಿದ್ದದ್ದು ಸೌದಿ ಅರೇಬಿಯಾದಲ್ಲಿ. ಕಾಪುವಿನ ಒಂದು ಶಾಲೆಯಲ್ಲಿ ಎರಡು ವರ್ಷ ಟೆಂಪರರಿ ಮಾಷ್ಟ್ರಾಗಿದ್ದೆ. ಆ ಕೆಲಸ ಖಾಯಂ ಆಗುವುದಿಲ್ಲವೆಂದು ಖಾತ್ರಿಯಾದ ಮೇಲೆ ಟೈಪಿಂಗ್ ಕಲಿತು, ಮುಂಬಯಿಯ ಏಜೆಂಟರ ಮೂಲಕ ಅಮೆರಿಕದ ಒಂದು ಕಟ್ಟಡ ಕಂಪನಿಗೆ ಗುಮಾಸ್ತನಾಗಿ ಸೇರಿದೆ. ಮೊದಲ ಎರಡು ವರ್ಷ ಹಫ್ರ್ ಅಲ್ ಬಾತಿನ್ ಬಳಿಯ ಕ್ಯಾಂಪು. ಅಲ್ಲಿ ವಸತಿ ಕಟ್ಟಡಗಳೂ ಒಂದು ದೊಡ್ಡ ನೀರಿನ ಟ್ಯಾಂಕೂ ಏಳುತ್ತಿದ್ದವು. ಕ್ಯಾಂಪಿನ ತುದಿಯಲ್ಲಿ ತಗಡಿನ ಕೋಣೆಯೊಂದರಲ್ಲಿ ಕಾಂಕ್ರೀಟು ಪರೀಕ್ಷೆಯ ಲ್ಯಾಬು. ಅದನ್ನು ನೋಡಿಕೊಳ್ಳುತ್ತಿದ್ದವರು ಫರಂಗಿಪೇಟೆಯ ಹಸನಬ್ಬ. ನನಗಿಂತ ಹತ್ತು ವರ್ಷ ದೊಡ್ಡವರು, ಹಾಗಾಗಿ ನನಗೆ ಹಸನಾಕ. ದಿನದಿನದ ಕಾಂಕ್ರೀಟಿನಿಂದ ಗಿಡ್ಡ ಕಂಬದಂಥ ಮಾದರಿಯ ಉರುಟು ತುಂಡುಗಳನ್ನು ಎರಕ ಹೊಯ್ದು, ನೀರಿನಲ್ಲಿ ಮುಳುಗಿಸಿಟ್ಟು, ಇಪ್ಪತ್ತೆಂಟನೆಯ ದಿನ ಯಂತ್ರದ ಕೆಳಗಿಟ್ಟು ಒಡೆಯುವುದು ಅವರ ಕೆಲಸ. ಒಡೆಯುವ ಮೊದಲು ತುಂಡಿನ ಎರಡೂ ತುದಿಗೆ ಕಾಯಿಸಿದ ಗಂಧಕ ಹೊಯ್ದು ಸಮ ಮಾಡಬೇಕಿತ್ತು. ಎಷ್ಟು ಭಾರಕ್ಕೆ ಒಡೆಯಿತೋ ಆ ಅಂಕಿಯನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಶಾಲೆಯನ್ನು ಮೂರನೆಯ ಕ್ಲಾಸಿಗೇ ಬಿಟ್ಟವರು, ಅಕ್ಷರಗಳ ಜೊತೆ ಅವರಿಗೆ ಅಷ್ಟಕ್ಕಷ್ಟೆ. ಊರಿನಲ್ಲಿದ್ದ ಹೆಂಡತಿ ಜೈನಾಬಿಗೆ ಕನ್ನಡ ಓದಲು ಬರುತ್ತಿತ್ತು. ಹದಿನೈದು ದಿನಕ್ಕೊಮ್ಮೆ ಶುಕ್ರವಾರ ಅವರು ಹೇಳಿದಂತೆ ಆಕೆಗೆ ಕಾಗದ ಬರೆದುಕೊಡುತ್ತಿದ್ದೆ. ಒಂದು ಅಕ್ಷರ ತಪ್ಪಿದರೂ ಹಾಳೆ ಹರಿದು ಮೊದಲಿನಿಂದ ಬರೆಯುವುದು ನನ್ನ ಚಟ.

"ಎಂತ ಮಾರಾಯ್ರೆ ಮಾಷ್ಟ್ರೆ, ಅವಳು ನನ್ನ ಹೆಂಡತಿ, ಶಾಲೆಯ ಇನ್‌ಸ್ಪೆಕ್ಟರ್ ಅಲ್ಲ" ಎಂದು ಅವರು ನಗುತ್ತಿದ್ದರು.

ಹಫ್ರ್‌ನಲ್ಲಿ ಕಳೆದ ಎರಡನೆಯ ರಂಜಾನಿನಲ್ಲಿ ನಾನೊಂದು ಘನಕಾರ್ಯ ಮಾಡಿದೆ. ಉಪವಾಸದ ತಿಂಗಳು, ಕೆಲಸ ಅರ್ಧ ದಿನ, ಹೊರಗೆ ಕಣ್ಣು ಬಿಡಲಾಗದ ಧೂಳುಗಾಳಿ. ಲ್ಯಾಬಿಗೆ ಹೋದಾಗ ಹಸನಾಕನ ಪುಸ್ತಕ ನೋಡಿದೆ. ಸಿಮೆಂಟಿನ ಬೆರಳಚ್ಚು, ಗಂಧಕದ ಹಳದಿ ಕಲೆ, ಬೆವರಿಗೆ ಹರಡಿದ ಶಾಯಿ, ಅಲ್ಲಲ್ಲಿ ಕೆಂಪು ಪೆನ್ಸಿಲಿನ ಗೆರೆ. ನನ್ನೊಳಗಿನ ಮಾಷ್ಟ್ರಿಗೆ ಮೈ ಉರಿದುಹೋಯಿತು. ಶಾಲೆಯಲ್ಲಿ ಮಕ್ಕಳಿಗೆ ರಫ್ ಬುಕ್ಕು ಬೇರೆ, ಫೇರ್ ಬುಕ್ಕು ಬೇರೆ. ಫೇರಿನಲ್ಲಿ ಚಿತ್ತುಕಾಟು ಕಂಡರೆ ನಾನು ಅಂಗೈ ಮುಂದೆ ಹಿಡಿಸುತ್ತಿದ್ದೆ. ಯಾರೂ ಹೇಳದೆ, ಯಾರನ್ನೂ ಕೇಳದೆ, ಎಂಟು ತಿಂಗಳ ಲೆಕ್ಕವನ್ನೆಲ್ಲ ದಪ್ಪ ರಟ್ಟಿನ ಹೊಸ ರಿಜಿಸ್ಟರಿಗೆ ನಕಲು ಮಾಡಿದೆ. ಒಂದೇ ಪೆನ್ನು, ಒಂದೇ ಶಾಯಿ, ಅಡ್ಡಗೆರೆಗಳಿಗೆ ಸ್ಕೇಲು. ಪ್ರಾಜೆಕ್ಟ್ ಮ್ಯಾನೇಜರ್ ಟಕ್ಕರ್ ಅದನ್ನು ತಿರುವಿ ನೋಡಿ ನನ್ನ ಬೆನ್ನು ತಟ್ಟಿದ. ಟಕ್ಕರ್ ಯಾರ ಬೆನ್ನನ್ನೂ ಸುಮ್ಮನೆ ತಟ್ಟುವವನಲ್ಲ ಎಂದು ನನಗಾಗ ಹೊಳೆಯಲಿಲ್ಲ. ಹಳೆಯದನ್ನು ಸುಟ್ಟುಬಿಡಿ ಎಂದು ಹಸನಾಕನಿಗೆ ಹೇಳಿದೆ. "ಆಯ್ತು" ಎಂದರು.

ಕೆಲಸ ಮುಗಿದ ಮೇಲೆ ನಮ್ಮಿಬ್ಬರನ್ನೂ ಅಲ್ ಖೋಬರಿಗೆ ಕಳಿಸಿದರು. ನಾನು ಆಫೀಸಿನ ಟೈಪಿಸ್ಟು, ಹಸನಾಕ ಅಲ್ಲಿಯ ಲ್ಯಾಬಿಗೆ. ಇಬ್ಬರಿಗೂ ಒಂದೇ ಕೋಣೆ. ಮ್ಯಾನೇಜರ್ ಅಲ್ಲಿಯೂ ಟಕ್ಕರನೇ. ಬಹ್ರೇನಿಗೆ ಹೋಗುವ ಹೊಸ ಸೇತುವೆ ತೆರೆದು ಕೆಲವು ತಿಂಗಳಾಗಿತ್ತು, ಅಂದರೆ ಎಂಬತ್ತೇಳನೆಯ ಇಸವಿ. ಆ ಬೇಸಗೆಯ ಶುರುವಿನಲ್ಲಿ ಅಮೆರಿಕದಿಂದ ಒಂದು ದಪ್ಪ ಲಕೋಟೆ ಬಂತು. ಹಫ್ರ್‌ನಲ್ಲಿ ಗುಣಮಟ್ಟ ನೋಡಿಕೊಳ್ಳುತ್ತಿದ್ದ ಗ್ರೇಡಿ ಎಂಬ ಎಂಜಿನಿಯರನನ್ನು ಕಂಪನಿ ಕೆಲಸದಿಂದ ತೆಗೆದಿತ್ತು. ನೀರಿನ ಟ್ಯಾಂಕಿನ ಕಾಂಕ್ರೀಟು ಸಾಲದು, ನಾನು ಸಹಿ ಹಾಕುವುದಿಲ್ಲ ಎಂದದ್ದಕ್ಕೇ ತೆಗೆದರು ಎಂದು ಅವನು ಊರಿಗೆ ಹೋಗಿ ಫೆಡರಲ್ ಕೋರ್ಟಿನಲ್ಲಿ ದಾವೆ ಹೂಡಿದ್ದ. ಅಷ್ಟರಲ್ಲಿ ಟ್ಯಾಂಕು ಬಿರುಕು ಬಿಟ್ಟಿತ್ತು. ಗೋಡೆಯಿಂದ ಕೊರೆದು ತೆಗೆದ ತುಂಡುಗಳು ಪರೀಕ್ಷೆಯಲ್ಲಿ ಪುಡಿಯಾಗಿದ್ದವು. ಆದರೆ ನನ್ನ ಮುದ್ದಾದ ರಿಜಿಸ್ಟರಿನಲ್ಲಿ ಎಲ್ಲ ಅಂಕಿಗಳೂ ಪಾಸು. ಹಾಗಾದರೆ ಯಾರೋ ಸುಳ್ಳು ಅಂಕಿ ಬರೆದಿರಬೇಕು. ಯಾರು? ಟಕ್ಕರನ ಉತ್ತರ ತಯಾರಿತ್ತು: ಲ್ಯಾಬಿನ ಹಸನಬ್ಬ. ತುಂಡುಗಳನ್ನು ಒಡೆಯದೆಯೇ ಮನಸ್ಸಿಗೆ ಬಂದ ಅಂಕಿ ಗೀಚಿದ್ದಾನೆ ಎಂದು.

ಇದೆಲ್ಲ ನನಗೆ ಹೇಗೆ ಗೊತ್ತೆಂದರೆ ಆಫೀಸಿನ ಎಲ್ಲ ಕಾಗದವನ್ನೂ ಟೈಪ್ ಮಾಡುತ್ತಿದ್ದವನು ನಾನೇ. ಒಂದು ದಿನ ಟಕ್ಕರ್ ಹಸನಾಕನ ಫೈನಲ್ ಎಕ್ಸಿಟಿನ ಪತ್ರ ಟೈಪ್ ಮಾಡಿಸಿದ. ಎಕ್ಸಿಟ್ ಹೊಡೆದರೆಂದರೆ ಅಲ್ಲಿ ವಾಸಿಸಲು ಕೊಟ್ಟ ಪರವಾನಿಗೆ, ಇಕಾಮಾ, ರದ್ದು, ವಿಮಾನ ಹತ್ತಿಸಿ ಮನೆಗೆ. ಜೊತೆಗೆ ಮೋಸಗಾರನೆಂಬ ಹೆಸರು ಬೇರೆ ಅಂಟಿದರೆ ಮತ್ತೆ ಯಾವ ಕಫೀಲನೂ, ಎಂದರೆ ವೀಸಾ ಕೊಡುವ ಯಾವ ಧಣಿಯೂ, ಕರೆಸಿಕೊಳ್ಳುವುದಿಲ್ಲ. ತಾರೀಕಿನ ಜಾಗ ಖಾಲಿ ಬಿಡು ಎಂದ ಟಕ್ಕರ್. ಆ ಖಾಲಿ ಜಾಗ ನೋಡಿದಾಗಿನಿಂದ ನನಗೆ ಅನ್ನ ರುಚಿಸಲಿಲ್ಲ. ಹಸನಾಕನಿಗೆ ಹೇಳಲೂ ಇಲ್ಲ. ಯಾಕೆಂದರೆ, ಒಪ್ಪಿಕೊಳ್ಳುತ್ತೇನೆ, ನನಗೆ ಅವರ ಮೇಲೂ ಸಂಶಯವಿತ್ತು. ಬರೆದದ್ದು ಅವರು ಕೊಟ್ಟ ಅಂಕಿ ತಾನೆ? ಉಪವಾಸದ ಸುಸ್ತಿನಲ್ಲಿ ನಾಲ್ಕು ತುಂಡು ಒಡೆಯದೆ ಬಿಟ್ಟಿದ್ದರೆ ಯಾರು ಕಂಡವರು?

ದಾವೆಯ ಸುದ್ದಿ ಅವರ ಕಿವಿಗೂ ಬಿದ್ದಿತ್ತು, ಆಮೇಲಿನ ಅವರ ನಡವಳಿಕೆಯೂ ಸಂಶಯ ಹುಟ್ಟಿಸುವಂತೆಯೇ ಇತ್ತು. ಕಾಗದ ಬರೆಸುವುದನ್ನು ನಿಲ್ಲಿಸಿದ್ದರು. ಶುಕ್ರವಾರ ಮಧ್ಯಾಹ್ನ ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಟೇಪ್ ರೆಕಾರ್ಡರಿನ ಮುಂದೆ ಪಿಸುಗುಟ್ಟುತ್ತಿದ್ದರು. ಆ ಕಾಲದಲ್ಲಿ ಊರಿಗೆ ಕ್ಯಾಸೆಟ್ಟಿನಲ್ಲಿ ಮಾತು ತುಂಬಿಸಿ ಕಳಿಸುವುದು ಎಲ್ಲರೂ ಮಾಡುತ್ತಿದ್ದ ಕೆಲಸ. ನನಗೆ ಮಾತ್ರ ಬೇರೆಯೇ ಕಾಣಿಸಿತು. ನಾನು ಮಾತಾಡುವುದನ್ನೂ ಇವರು ತುಂಬಿಸಿಕೊಳ್ಳುತ್ತಿದ್ದಾರೋ ಏನೋ ಎಂದು ಮಂಚದ ಕೆಳಗೆ ಬಗ್ಗಿ ನೋಡಿದ್ದೂ ಉಂಟು.

ಜೂನಿನ ಸೆಕೆಯಲ್ಲಿ, ಆಫೀಸಿನ ಕಿಟಕಿಯ ಗಾಜು ಹೊರಗಿನಿಂದ ಬೆವರುತ್ತಿದ್ದ ದಿನಗಳಲ್ಲಿ, ಕಂಪನಿಯ ವಕೀಲ ಬಂದಿಳಿದ. ಹೆಸರು ಹಾರ್ಲನ್. ತೆಳ್ಳನೆಯ ಮನುಷ್ಯ, ಕೋಟು ಕಳಚುತ್ತಲೇ ಇರಲಿಲ್ಲ. ನನ್ನನ್ನು ಕೂರಿಸಿ ಚಹಾ ತರಿಸಿದ. ಆಮೇಲೆ ಆಡಿದ ಮೊದಲ ಮಾತೇ ನನ್ನನ್ನು ಎಚ್ಚರಿಸಿತು.

"ನಾನು ಕಂಪನಿಯ ವಕೀಲ. ನಿನ್ನ ವಕೀಲ ಅಲ್ಲ. ನೀನು ನನಗೆ ಹೇಳಿದ ಮಾತಿನ ಮೇಲೆ ಹಕ್ಕು ಕಂಪನಿಯದು, ನಿನ್ನದಲ್ಲ. ಅದನ್ನು ಎಲ್ಲಿ ಬಳಸಬೇಕೆಂದು ಕಂಪನಿಯೇ ತೀರ್ಮಾನಿಸುತ್ತದೆ. ಅರ್ಥವಾಯಿತೆ?"

ನಮ್ಮ ಚಿಕ್ಕಪ್ಪನ ಗಡಿ ತಕರಾರಿನಲ್ಲಿ ಊರಿನ ವಕೀಲರು ಭುಜದ ಮೇಲೆ ಕೈಯಿಟ್ಟು "ನಾನಿದ್ದೇನಲ್ಲ" ಎನ್ನುತ್ತಿದ್ದರು. ಇವನು ನಾನಿಲ್ಲ ಎನ್ನುತ್ತಾನೆ. ಇಲ್ಲದವನು ನನ್ನ ಹತ್ತಿರ ಯಾಕೆ ಕೂತಿದ್ದಾನೆ? ಕೋಣೆಗೆ ಬಂದು ಹಸನಾಕನಿಗೆ ಹೇಳಿದೆ.

"ನಿಮ್ಮವ ಅಲ್ಲ ಅಂತ ಹೇಳಿದವ ಮತ್ತೆ ಚಾ ಯಾಕೆ ಕುಡಿಸಿದ್ದು?" ಎಂದರು. "ಚಾದಲ್ಲಿ ಎಂತದೋ ಉಂಟು ಮಾಷ್ಟ್ರೆ."

"ಬರೀ ಚಾ. ಸಕ್ಕರೆ ಕಮ್ಮಿ."

"ಅದೇ ಹೇಳಿದ್ದು."

ಮರುದಿನದಿಂದ ಹಾರ್ಲನ್ ತನ್ನ ಕೋರ್ಟಿನ ಬಗ್ಗೆ ಸ್ವಲ್ಪ ಸ್ವಲ್ಪ ಹೇಳತೊಡಗಿದ. ಗ್ರೇಡಿ ಒಂದು ರಾಜ್ಯದವನು, ಕಂಪನಿ ಇನ್ನೊಂದು ರಾಜ್ಯದ್ದು. ರಾಜ್ಯದ ಕೋರ್ಟು ತನ್ನವನ ಕಡೆಗೆ ವಾಲೀತೆಂಬ ಅನುಮಾನಕ್ಕೆ ಅಂಥ ವ್ಯಾಜ್ಯವನ್ನು ಇಡೀ ದೇಶಕ್ಕೆ ಸೇರಿದ ಫೆಡರಲ್ ಕೋರ್ಟಿಗೆ ಒಯ್ಯಬಹುದಂತೆ. ಕೋರ್ಟನ್ನೇ ನಂಬದೆ ಇನ್ನೊಂದು ಕೋರ್ಟು ಕಟ್ಟಿದವರು! ಸಂಶಯದ ವಿಷಯದಲ್ಲಿ ಇವರು ನಮ್ಮವರೇ ಎಂದು ನನಗೆ ಮೊದಲ ಬಾರಿ ಆ ಮನುಷ್ಯನ ಮೇಲೆ ಸ್ವಲ್ಪ ಪ್ರೀತಿ ಬಂತು. ಸಾಕ್ಷಿಗಳನ್ನು ವಿಚಾರಣೆಗೆ ಮೊದಲೇ ಎರಡೂ ಕಡೆಯ ವಕೀಲರು ಕೂರಿಸಿ ಪ್ರಶ್ನೆ ಕೇಳುತ್ತಾರಂತೆ. ಜಡ್ಜು ಅಲ್ಲಿ ಇರುವುದೇ ಇಲ್ಲವಂತೆ. ಗ್ರೇಡಿಯ ವಕೀಲೆ ಒಬ್ಬ ಹೆಂಗಸು, ಸೌದಿಯ ವೀಸಾ ಸಿಗುವುದು ಕಷ್ಟ, ಆದ್ದರಿಂದ ಬಹ್ರೇನಿನ ಹೋಟೆಲಿನಲ್ಲಿ ಪ್ರಶ್ನೆ. ಅದಕ್ಕೂ ಮೊದಲು ನಾನೊಂದು ಹೇಳಿಕೆಗೆ ಸಹಿ ಹಾಕಬೇಕಿತ್ತು.

ಹೇಳಿಕೆಯನ್ನು ಅವನೇ ಬರೆದು ತಂದಿದ್ದ. ಎರಡು ಹಾಳೆ. ಕೊನೆಯಲ್ಲಿ, ಇದು ಸುಳ್ಳಾದರೆ ಅಮೆರಿಕದ ಕಾನೂನಿನಂತೆ ಶಿಕ್ಷೆಗೆ ಒಳಗಾಗುತ್ತೇನೆ ಎಂಬ ಸಾಲು. ನಾಲ್ಕನೆಯ ಪ್ಯಾರಾದಲ್ಲಿ ಹೀಗಿತ್ತು: ಈ ರಿಜಿಸ್ಟರನ್ನು ಇಟ್ಟವನು ನಾನು, ಇದರಲ್ಲಿಯ ಅಂಕಿಗಳನ್ನು ಪರೀಕ್ಷೆ ನಡೆದ ಹೊತ್ತಿನಲ್ಲೇ, ಲ್ಯಾಬಿನ ಹಸನಬ್ಬ ತಿಳಿಸಿದ ಪ್ರಕಾರ, ಬರೆದಿದ್ದೇನೆ.

ನಾನು ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ಕೂತೆ. "ಹೊತ್ತಿನಲ್ಲೇ ಎಂಬುದು ಯಾಕೆ ಬೇಕು?" ಎಂದು ಕೇಳಿದೆ.

"ಆಗಾಗಲೇ ಬರೆದಿಟ್ಟದ್ದನ್ನು ಕೋರ್ಟು ನಂಬುತ್ತದೆ. ಆಮೇಲೆ ಕೂತು ಬರೆದದ್ದನ್ನು ನಂಬುವುದಿಲ್ಲ. ಯಾಕೆ, ತಪ್ಪಿದೆಯೆ?"

ಸಹಿ ಹಾಕಿದರೆ ಸುಳ್ಳು. ಜೊತೆಗೆ ಆ ಅಂಕಿಗಳನ್ನೆಲ್ಲ ಹಸನಾಕನ ತಲೆಗೆ ಕಟ್ಟಿದಂತೆ. ಹಾಕದಿದ್ದರೆ ಒಂದೇ ಪೆನ್ನಿನಲ್ಲಿ ಎಂಟು ತಿಂಗಳ ಲೆಕ್ಕ ಬರೆದ ಕಳ್ಳ ನಾನಾಗುತ್ತೇನೆ. ಪಾಸ್‌ಪೋರ್ಟ್ ಟಕ್ಕರನ ಸೇಫಿನಲ್ಲಿದೆ. ಎರಡು ದಿನ ಕೊಡಿ ಎಂದೆ.

"ತೆಗೆದುಕೋ" ಎಂದ ಹಾರ್ಲನ್. "ತಪ್ಪಿದ್ದರೆ ಹೊಸದಾಗಿ ಟೈಪ್ ಮಾಡಬೇಡ. ತಪ್ಪಾದದ್ದರ ಮೇಲೆ ಒಂದು ಗೆರೆ ಎಳೆ, ಮೇಲೆ ಸರಿಯಾದದ್ದು ಬರೆ, ಪಕ್ಕದಲ್ಲಿ ನಿನ್ನ ಚಿಕ್ಕ ಸಹಿ ಹಾಕು. ಹೊಡೆದು ಹಾಕಿದ್ದು ಓದಲು ಬರುವಂತಿರಲಿ."

ಇದೂ ಒಂದು ಬಲೆಯೇ ಇರಬೇಕು ಎಂದುಕೊಂಡೆ. ಚೆಂದಾಗಿ ಟೈಪ್ ಮಾಡುವವನಿಗೆ ಚಿತ್ತು ಮಾಡು ಎನ್ನುವವನನ್ನು ಹೇಗೆ ನಂಬುವುದು?

ಅದು ಗುರುವಾರ. ಶುಕ್ರವಾರ ಹಸನಾಕ ನಮಾಜು ಮುಗಿಸಿ ಬಂದರು. ಸ್ಟವ್ವಿನ ಮೇಲೆ ಕುಚ್ಚಲಕ್ಕಿ ಗಂಜಿ ಕುದಿಯುತ್ತಿತ್ತು. ನಾನು ಹೇಳಿಕೆಯನ್ನು ಕನ್ನಡದಲ್ಲಿ ಒಂದೊಂದೇ ಸಾಲು ಓದಿ ಹೇಳಿದೆ. ಎಕ್ಸಿಟ್ ಪತ್ರದ ವಿಷಯವನ್ನೂ ಹೇಳಿಬಿಟ್ಟೆ. ಅವರು ಸ್ಟವ್ವು ಆರಿಸಿದರು.

"ಒಂದು ಕೇಳ್ತೇನೆ, ಬೇಜಾರು ಮಾಡ್ಬೇಡಿ" ಎಂದೆ. "ತುಂಡು ಎಲ್ಲ ಒಡೆದದ್ದು ಹೌದಾ?"

ಅವರು ನನ್ನ ಮುಖವನ್ನೇ ನೋಡಿದರು. "ನೀವು ಕೂಡ ಕೇಳಿದ್ರಲ್ಲ. ಸರಿ, ಈಗ ನಾನು ಕೇಳ್ತೇನೆ. ಆ ಫೇರ್ ಬುಕ್ಕು ಬರಿ ಅಂತ ನಿಮಗೆ ಹೇಳಿದ್ದು ಯಾರು? ಟಕ್ಕರ್ ಅಲ್ವಾ?"

"ಯಾರೂ ಹೇಳ್ಲಿಲ್ಲ. ನಾನೇ ಬರ್ದದ್ದು."

"ಯಾಕೆ?"

"ರಫ್ ಗಲೀಜಾಗಿತ್ತು."

"ಗಲೀಜು" ಎಂದು ಹಸನಾಕ ಆ ಪದವನ್ನು ಬಾಯೊಳಗೆ ತಿರುಗಿಸಿದರು. ಎದ್ದು ಹೋಗಿ ಟ್ರಂಕು ತೆರೆದು, ಮಕ್ಕಾ ಯಾತ್ರೆಗೆ ಉಡುವ ಇಹ್ರಾಮಿನ ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಹಳೆಯ ಪುಸ್ತಕವನ್ನು ತಂದು ಚಾಪೆಯ ಮೇಲಿಟ್ಟರು. ಸುಟ್ಟಿರಲಿಲ್ಲ. ತೆರೆದ ಕೂಡಲೇ ಗಂಧಕದ ನಾತ ಕೋಣೆಯೆಲ್ಲ ತುಂಬಿತು. ಒಂದು ಪುಟಕ್ಕೆ ಬೆರಳು ತೋರಿಸಿದರು. ಪಾಸಾಗಲು ಮೂರು ಸಾವಿರ ಬರಬೇಕಿದ್ದ ಕಡೆ ಅವರ ಸೊಟ್ಟ ಕೈಬರಹದಲ್ಲಿ ಎರಡು ಸಾವಿರದ ಇನ್ನೂರು. ಅದರ ಮೇಲೆ ಕೆಂಪು ಪೆನ್ಸಿಲಿನ ಗೆರೆ. ಪಕ್ಕದಲ್ಲಿ ಕೆಂಪಿನಲ್ಲೇ ಮೂರು ಸಾವಿರದ ನೂರು. ಕೆಳಗೆ ಟಕ್ಕರನ ಚಿಕ್ಕ ಸಹಿ. ಅಂಥವು ಒಂಬತ್ತು ಕಡೆ, ಎಲ್ಲವೂ ಟ್ಯಾಂಕಿನವು.

"ಒಡೆದದ್ದು ನಾನು, ಬರ್ದದ್ದು ನಾನು. ತಿದ್ದಿದ್ದು ಅವ" ಎಂದರು ಹಸನಾಕ. "ಇದರಲ್ಲಿ ಮೂರು ಜನ ಇದ್ದೇವೆ ಮಾಷ್ಟ್ರೆ, ನಾನು, ಟಕ್ಕರ್, ಕಾಂಕ್ರೀಟು. ನಿಮ್ಮ ಚೆಂದದ ಬುಕ್ಕಿನಲ್ಲಿ ನಾನೊಬ್ಬನೇ ಇರುವುದು."

ನಾನು ಆ ಗೆರೆಗಳನ್ನು ಮೊದಲು ನೋಡಿರಲಿಲ್ಲವೆಂದಲ್ಲ. ನಕಲು ಮಾಡುವಾಗ ಒಂಬತ್ತನ್ನೂ ನೋಡಿದ್ದೆ. ಆದರೆ ಕೆಂಪು ಎಂದರೆ ನನಗೆ ಮಾಷ್ಟ್ರ ಬಣ್ಣ. ಮಗು ತಪ್ಪು ಬರೆಯುತ್ತದೆ, ಮೇಲಿನವರು ಕೆಂಪಿನಲ್ಲಿ ತಿದ್ದುತ್ತಾರೆ, ಫೇರ್ ಬುಕ್ಕಿಗೆ ಹೋಗುವುದು ತಿದ್ದಿದ ಅಂಕಿ. ಮೂರನೆಯ ಕ್ಲಾಸಿನವನು ತಪ್ಪಿದ್ದಾನೆ, ಎಂಜಿನಿಯರು ಸರಿ ಮಾಡಿದ್ದಾನೆ ಎಂದು ಕ್ಷಣವೂ ಯೋಚಿಸದೆ ಹಳೆಯ ಅಂಕಿಯನ್ನು ಬಿಟ್ಟಿದ್ದೆ. ಎಷ್ಟೋ ಜನರನ್ನು ಸಂಶಯಿಸಿದ ನನಗೆ ಆ ಕೆಂಪು ಗೆರೆಯನ್ನು ಸಂಶಯಿಸಬೇಕೆಂದು ಅನಿಸಿರಲಿಲ್ಲ.

"ಇಷ್ಟು ದಿನ ಯಾಕೆ ಹೇಳ್ಲಿಲ್ಲ ಹಸನಾಕ?"

"ಹೇಗೆ ಹೇಳುವುದು? ಬುಕ್ಕು ಸುಡಿ ಅಂದವರು ನೀವಲ್ವಾ?"

ಕ್ಯಾಸೆಟ್ಟಿನ ಗುಟ್ಟೂ ಆಗಲೇ ತಿಳಿಯಿತು. ಕೋರ್ಟಿನ ಭಯವನ್ನು ಹೆಂಡತಿಗೆ ಹೇಳಬೇಕು, ಅದನ್ನು ನನ್ನ ಕೈಯಲ್ಲಿ ಬರೆಸುವ ಧೈರ್ಯವಿಲ್ಲ, ಅದಕ್ಕೇ ಬಾತ್‌ರೂಮು. ಗಂಜಿ ಆರಿ ಕೆನೆ ಕಟ್ಟಿತ್ತು. ಇಬ್ಬರೂ ಉಣ್ಣಲಿಲ್ಲ.

ಪುಸ್ತಕವನ್ನು ಏನು ಮಾಡುವುದೆಂದು ಇಡೀ ಮಧ್ಯಾಹ್ನ ವಾದ ಮಾಡಿದೆವು. ಹಾರ್ಲನನಿಗೆ ಕೊಟ್ಟರೆ ಅವನು ಕಂಪನಿಯವನು. ಒಳಗೆ ಹೋದ ಪುಸ್ತಕ ಮತ್ತೆ ಹೊರಗೆ ಬರುವುದಿಲ್ಲ ಎಂದು ನಾನು. ಬಹ್ರೇನಿಗೆ ಕದ್ದು ಒಯ್ದು ಆ ವಕೀಲೆಯ ಕೈಗೇ ಕೊಡೋಣ ಎಂದೆ. "ಸೇತುವೆಯಲ್ಲಿ ಕಸ್ಟಮ್ಸಿನವ ಬಿಚ್ಚಿ ನೋಡಿದ್ರೆ? ಕಂಪನಿಯ ಪುಸ್ತಕ ಕದ್ದದ್ದು ಅಂತ ಆಗ್ತದೆ. ಆಗ ನಾವು ನಿಜವಾದ ಕಳ್ಳರು" ಎಂದರು ಹಸನಾಕ. ಚಿಕ್ಕಪ್ಪನ ವಕೀಲರು ನಮಗೆ ಆಗದ ಒಂದು ಹಳೆಯ ಪತ್ರವನ್ನು "ಅಟ್ಟಕ್ಕೆ ಹಾಕಿ" ಎಂದದ್ದು ನನಗೆ ನೆನಪಿತ್ತು. ಎಲ್ಲ ವಕೀಲರಿಗೂ ಒಂದು ಅಟ್ಟ ಇದ್ದೇ ಇರುತ್ತದೆ. ಕೊನೆಗೆ ಹಸನಾಕನೇ ತೀರ್ಮಾನ ಮಾಡಿದರು.

"ಅವನಿಗೇ ಕೊಡುವ. ಆದ್ರೆ ನಾನೇ ಕೊಡುವುದು. ನಿಮ್ಮ ಕೈಗೆ ಕೊಡುವುದಿಲ್ಲ."

ಆ ಮಾತು ತಾಗಿತು. ತಾಗಬೇಕಾದದ್ದೇ.

ಶನಿವಾರ ಬೆಳಿಗ್ಗೆ ಟಕ್ಕರ್ ಸೈಟಿಗೆ ಹೋದದ್ದನ್ನು ಖಾತ್ರಿ ಮಾಡಿಕೊಂಡು ಇಬ್ಬರೂ ಹಾರ್ಲನನ ಎದುರು ನಿಂತೆವು. ಹೇಳಿಕೆಯ ನಾಲ್ಕನೆಯ ಪ್ಯಾರಾದ ಮೇಲೆ ನಾನು ಗೆರೆ ಎಳೆದಿದ್ದೆ. ಮೇಲೆ ಬರೆದಿದ್ದೆ: ಇದು ನಕಲು, ಒಂದು ರಂಜಾನಿನಲ್ಲಿ ಕೂತು ಬರೆದದ್ದು, ಅಸಲು ಬೇರೆ ಇದೆ. ಪಕ್ಕದಲ್ಲಿ ನನ್ನ ಚಿಕ್ಕ ಸಹಿ. ನನ್ನ ಜೀವಮಾನದ ಅತಿ ಗಲೀಜು ಕಾಗದ ಅದು. ಹಾರ್ಲನ್ ಓದಿದ. ಪುಸ್ತಕ ತೆರೆದ. ಕೆಂಪು ಗೆರೆಗಳ ಮೇಲೆ ಅವನ ಕಣ್ಣು ನಿಂತಿತು. ಒಂಬತ್ತನ್ನೂ ಒಂದೊಂದಾಗಿ ನೋಡಿ ಮುಗಿಸಿದ.

"ಇದನ್ನು ಏನು ಮಾಡುತ್ತೀರಿ?" ಎಂದು ನಾನು ಕೇಳಿದೆ.

"ಎದುರು ಕಡೆಯವರು ಪರೀಕ್ಷೆಯ ದಾಖಲೆಗಳನ್ನೆಲ್ಲ ಕೇಳಿದ್ದಾರೆ. ಇದೂ ದಾಖಲೆ. ಕೊಡಬೇಕು."

"ಇದು ನಿಮ್ಮ ಕಂಪನಿಗೇ ವಿರುದ್ಧ ಅಲ್ಲವೆ?"

"ಹೌದು. ನನಗೆ ಖುಷಿಯೇನಿಲ್ಲ." ಅವನು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ. "ಆದರೆ ನಾನು ಕಂಪನಿಯ ವಕೀಲ ಮಾತ್ರ ಅಲ್ಲ, ಆ ಕೋರ್ಟಿನ ವಕೀಲ ಕೂಡ. ಇದನ್ನು ಮುಚ್ಚಿಟ್ಟರೆ ನನ್ನ ಸನ್ನದು ಹೋಗುತ್ತದೆ."

ನಾನು ನಂಬಲಿಲ್ಲ. ಹಸನಾಕನಿಗೆ ಮಾತಿನ ಅರ್ಥ ಹೇಳಿದೆ, ಅವರೂ ನಂಬಲಿಲ್ಲ. ರಶೀದಿ ಕೊಟ್ಟರೆ ಮಾತ್ರ ಪುಸ್ತಕ ಎಂದರು. ಹಾರ್ಲನ್ ತನ್ನ ಕೈಯಾರೆ ರಶೀದಿ ಬರೆದು, ಪುಸ್ತಕದ ಪುಟಗಳನ್ನು ನಮ್ಮ ಎದುರೇ ಎಣಿಸಿ, ಸಂಖ್ಯೆ ಹಾಕಿ ಸಹಿ ಮಾಡಿದ. ಎಕ್ಸಿಟ್ ಪತ್ರದ ವಿಷಯ ನಾನು ಹೇಳಿದಾಗ ಅವನ ಮುಖ ಬಿಗಿಯಿತು. ದಾವೆ ಮುಗಿಯುವ ತನಕ ಈ ಸಾಕ್ಷಿಯನ್ನು ಎಲ್ಲಿಗೂ ಕಳಿಸಬಾರದೆಂದು ಅವತ್ತೇ ಟಕ್ಕರನಿಗೆ ಬರೆದ. ಟೈಪ್ ಮಾಡಿದ್ದು ನಾನೇ. ಒಂದೂ ತಪ್ಪಿಲ್ಲದೆ.

ಆಮೇಲಿನ ಮೂರು ವಾರ ನಾನು ಯಾವ ಶತ್ರುವಿಗೂ ಬಯಸುವುದಿಲ್ಲ. ಹಾರ್ಲನ್ ಪುಸ್ತಕದೊಂದಿಗೆ ಅಮೆರಿಕಕ್ಕೆ ಹೋದ. ಟಕ್ಕರ್ ನನ್ನ ಜೊತೆ ಮಾತು ಬಿಟ್ಟ. ಕಾಗದಗಳನ್ನು ಮೇಜಿನ ಮೇಲೆ ಎಸೆದು ಹೋಗುತ್ತಿದ್ದ. ಸಮುದ್ರದ ಗಾಳಿ ಒದ್ದೆ ಬಟ್ಟೆಯಂತೆ ಮುಖಕ್ಕೆ ಅಂಟುವ ಸಂಜೆಗಳಲ್ಲಿ ಹಸನಾಕ ರಶೀದಿಯನ್ನು ತೆಗೆದು ನನ್ನ ಕೈಯಲ್ಲಿ ಓದಿಸುತ್ತಿದ್ದರು. "ಪುಸ್ತಕ ಹೋಯ್ತು, ಚೀಟಿ ಉಳಿಯಿತು" ಎನ್ನುತ್ತಿದ್ದರು. ಅಮೆರಿಕದ ಯಾವುದೋ ಅಟ್ಟದಲ್ಲಿ ಗಂಧಕದ ನಾತ ಹೊಡೆಯುತ್ತಿರಬೇಕು ಎಂದು ನಾನೂ ಅಂದುಕೊಂಡಿದ್ದೆ.

ಕೊನೆಗೆ ನಮ್ಮಿಬ್ಬರ ಪಾಸ್‌ಪೋರ್ಟಿಗೂ ಹೋಗಿ ಬರುವ ವೀಸಾ ಬಿತ್ತು. ಕಂಪನಿಯ ವ್ಯಾನಿನಲ್ಲಿ ಸೇತುವೆ ದಾಟಿದೆವು. ಎರಡೂ ಕಡೆ ಹಸಿರು ನೀರು, ಎಷ್ಟು ಹೋದರೂ ಮುಗಿಯದ ರಸ್ತೆ. ಹೋಟೆಲಿನ ಕೋಣೆಯಲ್ಲಿ ಉದ್ದನೆಯ ಮೇಜು. ಅಮೆರಿಕದ ಕಾನ್ಸಲ್ ಕಚೇರಿಯ ಒಬ್ಬ ಅಧಿಕಾರಿ ನನ್ನಿಂದ ಪ್ರಮಾಣ ಮಾಡಿಸಿದ. ಒಬ್ಬಾಕೆ ಪುಟ್ಟ ಯಂತ್ರದ ಮುಂದೆ ಕೂತು ನಾವು ಆಡಿದ ಮಾತೆಲ್ಲ ಬೆರಳಲ್ಲೇ ಹಿಡಿಯುತ್ತಿದ್ದಳು. ಹಾರ್ಲನ್ ಒಂದು ಬದಿಗೆ, ಗ್ರೇಡಿಯ ವಕೀಲೆ ನನ್ನೆದುರು. ನರೆತ ಕೂದಲು, ಮೃದು ದನಿ. ಆಕೆ ತನ್ನ ಕಡತದಿಂದ ಜೆರಾಕ್ಸ್ ಹಾಳೆಗಳ ದಪ್ಪ ಕಟ್ಟೊಂದನ್ನು ತೆಗೆದ ಕೂಡಲೇ ನಾನು ಮುಂದೆ ಬಾಗಿ ನೋಡಿದೆ. ಹಸನಾಕನ ಪುಸ್ತಕ. ಪ್ರತಿ ಹಾಳೆಗೂ ಮೂಲೆಯಲ್ಲಿ ನಂಬರು ಒತ್ತಿದ್ದರು. ಸಿಮೆಂಟಿನ ಹೆಬ್ಬೆರಳ ಗುರುತು ಕೂಡ ಕಪ್ಪಗೆ ಮೂಡಿತ್ತು. ಒಂದು ಪುಟವೂ ಕಮ್ಮಿಯಿರಲಿಲ್ಲ.

ನಾನು ಹಾರ್ಲನನ ಕಡೆ ನೋಡಿದೆ. ಅವನು ನನ್ನ ಕಡೆ ನೋಡಲಿಲ್ಲ. ಆ ಬೇಸಗೆಯಲ್ಲಿ ನಾನು ಅತಿ ಹೆಚ್ಚು ಸಂಶಯಿಸಿದ ಮನುಷ್ಯ ಆಡಿದಂತೆಯೇ ಮಾಡಿದ್ದ.

ಆಕೆ ನನ್ನ ರಿಜಿಸ್ಟರಿನ ಪುಟವನ್ನೂ ಜೆರಾಕ್ಸ್ ಪುಟವನ್ನೂ ಪಕ್ಕಪಕ್ಕದಲ್ಲಿಟ್ಟಳು.

"ಹೊಡೆದು ಹಾಕಿದ ಅಂಕಿಗಳನ್ನು ಬಿಟ್ಟುಬಿಡು ಎಂದು ನಿನಗೆ ಹೇಳಿದವರು ಯಾರು?"

"ಆಕ್ಷೇಪಣೆ ಇದೆ" ಎಂದ ಹಾರ್ಲನ್. ಸದ್ಯ, ಉತ್ತರ ಕೊಡಬೇಕಿಲ್ಲ ಎಂದು ನಾನು ಉಸಿರು ಬಿಡುವಷ್ಟರಲ್ಲಿ "ನೀನು ಉತ್ತರ ಕೊಡಬಹುದು" ಎಂದ. ಆಕ್ಷೇಪಣೆ ಬರಹದಲ್ಲಿ ಉಳಿಯುತ್ತದಂತೆ, ಮುಂದೆ ಜಡ್ಜು ನೋಡಿಕೊಳ್ಳುತ್ತಾರಂತೆ.

"ಯಾರೂ ಹೇಳಲಿಲ್ಲ" ಎಂದೆ.

"ಟಕ್ಕರ್?"

"ಇಲ್ಲ. ಬರೆದಾದ ಮೇಲೆ ಬೆನ್ನು ತಟ್ಟಿದ."

"ಹಾಗಾದರೆ ಯಾಕೆ ಬಿಟ್ಟೆ?"

"ಚೆಂದ ಕಾಣಲಿ ಎಂದು."

ಯಂತ್ರದವಳ ಬೆರಳು ನಿಂತಿತು. ವಕೀಲೆ ನನ್ನನ್ನು ದಿಟ್ಟಿಸಿ ನೋಡಿದಳು. ಅದೇ ಪ್ರಶ್ನೆಯನ್ನು ಇನ್ನೂ ಮೂರು ಬಗೆಯಲ್ಲಿ ಕೇಳಿದಳು, ನಾನು ಮೂರು ಸಲವೂ ಅದನ್ನೇ ಹೇಳಿದೆ. ಆ ಕೋಣೆಯಲ್ಲಿದ್ದ ಒಬ್ಬರೂ ನನ್ನನ್ನು ನಂಬಲಿಲ್ಲ. ಹಾರ್ಲನ್ ಕೂಡ. ಎಂಟು ತಿಂಗಳ ಲೆಕ್ಕವನ್ನು ಬರೀ ಚೆಂದಕ್ಕಾಗಿ ತಿರುಗಿ ಬರೆಯುವ ಮನುಷ್ಯರು ಅವರ ಕಾನೂನಿನಲ್ಲಿ ಇರಲಿಲ್ಲವೇನೋ. ಸಂಶಯ ಪಡುವುದು ನನಗೆ ಅಭ್ಯಾಸವಿತ್ತು. ನಿಜ ಹೇಳುವಾಗ ಸಂಶಯಕ್ಕೆ ಗುರಿಯಾಗುವುದು ಏನೆಂದು ಅಲ್ಲಿ ಗೊತ್ತಾಯಿತು. ಹಸನಾಕ ಅದನ್ನು ತಿಂಗಳುಗಟ್ಟಲೆ ನನ್ನದೇ ಕೋಣೆಯಲ್ಲಿ ಅನುಭವಿಸಿದ್ದರು.

ಮಧ್ಯಾಹ್ನದ ಮೇಲೆ ಅವರ ಸರದಿ. ಹಿಂದಿಯ ದುಭಾಷಿ ಇದ್ದರು. ನನ್ನನ್ನು ಹೊರಗೆ ಕೂರಿಸಿದರು. ನನ್ನ ಬಗ್ಗೆ ಅವರು ಏನು ಹೇಳಿದರೆಂದು ಇಂದಿಗೂ ನನಗೆ ಗೊತ್ತಿಲ್ಲ. ವಾಪಸು ಬರುವಾಗ ವ್ಯಾನು ಸೇತುವೆಯ ಅರ್ಧ ದಾಟಿತ್ತು.

"ಎಂತ ಹೇಳಿದ್ರಿ?" ಎಂದು ಅವರೇ ಕೇಳಿದರು.

"ಚೆಂದಕ್ಕೆ ಬರ್ದದ್ದು ಅಂತ."

ಹಸನಾಕ ಕಿಟಕಿಯ ಹೊರಗೆ ನೀರು ನೋಡುತ್ತ ಕೂತರು. ನಂಬಿದೆ ಎನ್ನಲಿಲ್ಲ, ನಂಬಲಿಲ್ಲ ಎನ್ನಲೂ ಇಲ್ಲ.

ಚಳಿಗಾಲ ಬರುವಷ್ಟರಲ್ಲಿ ದಾವೆ ಮುಗಿಯಿತು. ಜಡ್ಜರ ಮುಂದೆ ಹೋಗಲೇ ಇಲ್ಲ. ಆ ಒಂಬತ್ತು ಕೆಂಪು ಗೆರೆಗಳನ್ನು ನೋಡಿದ ಮೇಲೆ ಕಂಪನಿ ಗ್ರೇಡಿಯ ಜೊತೆ ರಾಜಿ ಮಾಡಿಕೊಂಡಿತು. ಟಕ್ಕರನನ್ನು ಮನೆಗೆ ಕಳಿಸಿದರು. ಅವನ ಡ್ರಾಯರು ಖಾಲಿ ಮಾಡುವಾಗ ತಾರೀಕಿಲ್ಲದ ಎಕ್ಸಿಟ್ ಪತ್ರ ಸಿಕ್ಕಿತು. ತಂದು ಹಸನಾಕನಿಗೆ ಕೊಟ್ಟೆ. ಅವರು ಅದನ್ನು ಹರಿಯಲಿಲ್ಲ, ರಶೀದಿಯ ಜೊತೆ ಟ್ರಂಕಿನಲ್ಲಿಟ್ಟರು. ಕಾಗದ ಸುಡುವುದು, ಹರಿಯುವುದು ಅವರ ಜಾಯಮಾನದಲ್ಲೇ ಇರಲಿಲ್ಲ.

ಅದೇ ವಾರ, ಶುಕ್ರವಾರ ಊಟವಾದ ಮೇಲೆ, ಅವರು ಒಂದು ಬರೆಯುವ ಪ್ಯಾಡು ತಂದು ನನ್ನೆದುರು ಇಟ್ಟರು. ಆರು ತಿಂಗಳ ಮೇಲೆ. ನಾನು ಏನೂ ಕೇಳದೆ ಪೆನ್ನು ತೆಗೆದೆ. ಅವರು ಹೇಳುತ್ತ ಹೋದರು: ಜೈನಾಬಿಗೆ ಸಲಾಂ, ನಾನು ಕ್ಷೇಮ, ಇಲ್ಲಿ ಚಳಿ ಶುರುವಾಯಿತು, ಬರುವ ತಿಂಗಳು ಊರಿಗೆ ಬರುತ್ತೇನೆ. ಬರೆದುಕೊಂಡೆ. ಅವರು ತಡೆದು, ಅಲ್ಲ, ಬರುವ ತಿಂಗಳಲ್ಲ, ರಜೆ ಸಿಕ್ಕಿದ ಮೇಲೆ ಎಂದು ಬರೆಯಿರಿ ಎಂದರು. ಅಭ್ಯಾಸಬಲ, ನನ್ನ ಕೈ ಹಾಳೆಯನ್ನು ಪ್ಯಾಡಿನಿಂದ ಕೀಳಲು ಹೋಯಿತು. ಹಸನಾಕ ನನ್ನ ಮಣಿಕಟ್ಟು ಹಿಡಿದರು. ಗಂಧಕ ತಾಗಿ ಹಳದಿಯಾದ ಉಗುರುಗಳು.

"ಹರೀಬೇಡಿ ಮಾಷ್ಟ್ರೆ. ಒಂದು ಗೆರೆ ಹಾಕಿ, ಮೇಲೆ ಬರೀರಿ. ನಾನು ಮೊದಲು ಎಂತ ಹೇಳಿದ್ದೆ ಅಂತ ಅವಳಿಗೂ ಗೊತ್ತಾಗ್ಲಿ."

ಗೆರೆ ಎಳೆದೆ. ಸ್ಕೇಲಿಲ್ಲದೆ ಅದು ಸೊಟ್ಟಗಾಯಿತು. ಅವರು ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, ಇನ್ನೊಂದು ಆಗಬೇಕಲ್ಲ ಎಂದು ಪೆನ್ನನ್ನು ಮತ್ತೆ ನನ್ನ ಕೈಗಿತ್ತರು. ಆ ಗೆರೆಯ ಪಕ್ಕದಲ್ಲಿ ನಾನು ನನ್ನ ಚಿಕ್ಕ ಸಹಿ ಹಾಕಿದೆ.